ಪಿನ್ ಪಾರ್ವತಿಗೆ ಹೊರಟಿದ್ದೀರಾ? ಮಾನತಲಾಯಿಯಲ್ಲಿ ಒಂದು ದಿನ ನಿಲ್ಲಿ

ನಮಸ್ಕಾರ ಗೆಳೆಯರೇ. ಇವತ್ತು ಪೀಠಿಕೆ ಇಲ್ಲ, ನೇರ ವಿಷಯಕ್ಕೆ ಬರುತ್ತೇನೆ. ಹೋದ ಸಂಚಿಕೆಯಲ್ಲಿ ಹಿಮಾಚಲದ ಪಿನ್ ಪಾರ್ವತಿ ಪಾಸ್, ಅಂದರೆ ಬೆಟ್ಟ ದಾಟುವ ದಾರಿ, ಅದರ ಚಾರಣದ ಬಗ್ಗೆ ಮಾತಾಡಿದ್ದೆ. ದಾರಿಯಲ್ಲಿ ಸಿಗುವ ಮಾನತಲಾಯಿ ಸರೋವರದ ಹತ್ತಿರ ಒಂದು ದಿನ ನಿಲ್ಲಿ ಅಂದಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ, ಓದುತ್ತೇನೆ ಕೇಳಿ. "ಅಣ್ಣಾ, ಯಾಕೆ ಅಷ್ಟು ದಿನ ಎಳೀತೀರ? ನಾವು ಆರು ದಿನದಲ್ಲಿ ಮುಗಿಸ್ತೀವಿ. ಮಾನತಲಾಯಿಯಲ್ಲಿ ಸುಮ್ನೆ ಒಂದು ದಿನ ಕೂತ್ಕೊಳ್ಳೋಕೆ ಅಷ್ಟು ದೂರ ಹೋಗ್ಬೇಕಾ?"

ಹೌದು ತಮ್ಮಾ. ಹೋಗಬೇಕು. ಕೂತ್ಕೊಳ್ಳಬೇಕು.

ಒಬ್ಬರು ಬರೆದಿದ್ದಕ್ಕೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅದಕ್ಕೆ ಬಿದ್ದಿರುವ ಲೈಕ್ ನೋಡಿ ಬಂತು. ಅಷ್ಟೂ ಜನ ಹಾಗೇ ಯೋಚನೆ ಮಾಡುತ್ತಿದ್ದಾರೆ ಅಂದರೆ ಈ ಸಂಚಿಕೆ ಪೂರ್ತಿ ಇದಕ್ಕೇ ಮೀಸಲು. ಕ್ಯಾಮೆರಾ, ಡ್ರೋನ್ ಪ್ರಶ್ನೆಗಳಿಗೆಲ್ಲ ಮುಂದೆ ಉತ್ತರ ಕೊಡುತ್ತೇನೆ.

ದಾರಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಹಿಮಾಚಲದ ಕುಲ್ಲು ಕಡೆ ಪಾರ್ವತಿ ಕಣಿವೆ, ಆ ಕಡೆ ಸ್ಪಿತಿಯ ಪಿನ್ ಕಣಿವೆ. ಎರಡರ ನಡುವೆ 5,319 ಮೀಟರ್ ಎತ್ತರದಲ್ಲಿ ಈ ಪಾಸ್. ಬರ್ಶೈನಿಯಲ್ಲಿ ರಸ್ತೆ ಮುಗಿಯುತ್ತದೆ, ಪಾಸ್ ದಾಟಿ ಮುದ್ ಹಳ್ಳಿಗೆ ಇಳಿದಾಗ ಮತ್ತೆ ರಸ್ತೆ ಸಿಗುತ್ತದೆ. ನಡುವೆ ಸುಮಾರು 100 ಕಿಲೋಮೀಟರ್ ನಡಿಗೆ. 1884ರಲ್ಲಿ ಲೂಯಿ ಡೇನ್ ಅನ್ನುವ ಬ್ರಿಟಿಷ್ ಅಧಿಕಾರಿ ಸ್ಪಿತಿಗೆ ಬೇರೆ ದಾರಿ ಹುಡುಕುತ್ತಾ ಇದನ್ನು ದಾಟಿದ ಅಂತ ದಾಖಲೆ ಇದೆ. ಆ ಕಾಲದಲ್ಲಿ ಅವನಿಗೆ ಇಷ್ಟು ಹವಾಮಾನ ವರದಿ ಇರಲಿಲ್ಲ, ಇಷ್ಟು ಬೆಚ್ಚಗಿನ ಜಾಕೆಟ್ಟೂ ಇರಲಿಲ್ಲ. ನಮಗೆ ಎಲ್ಲ ಇದೆ. ಒಂದು ದಿನ ಮಾತ್ರ ಇಲ್ಲ!

ಖೀರ್‌ಗಂಗಾವರೆಗೆ ಜನವೋ ಜನ. ಬಿಸಿನೀರಿನ ಬುಗ್ಗೆ ಇದೆ, ಚಹಾ ಅಂಗಡಿ ಇದೆ, ರಾತ್ರಿ ಹಾಡು ಎಲ್ಲ ಇದೆ. ಅಲ್ಲಿ ಬಿಸಾಡಿರುವ ಪ್ಲಾಸ್ಟಿಕ್ ಬಗ್ಗೆ ಬೇರೆಯೇ ಒಂದು ವಿಡಿಯೋ ಮಾಡುತ್ತೇನೆ, ಈಗ ಶುರು ಮಾಡಿದರೆ ನಿಲ್ಲಿಸಲ್ಲ. ಖೀರ್‌ಗಂಗಾ ದಾಟಿದ ಮೇಲೆ ತುಂಡಾ ಭುಜ್, ಠಾಕೂರ್ ಕುಆಂ, ಓಡಿ ಥಾಚ್. ಅಲ್ಲಿಂದ ಮುಂದೆ ಅಂಗಡಿ ಇಲ್ಲ, ಫೋನ್ ಸಿಗ್ನಲ್ ಇಲ್ಲ. ಕುರಿ ಮೇಯಿಸುವವರ ಡೇರೆ ಕಂಡರೆ ಅದೃಷ್ಟ. ಈ ದಾರಿಯಲ್ಲೇ ಪಾಂಡು ಪುಲ್ ಬರುತ್ತದೆ. ಪುಲ್ ಅಂದರೆ ಯಾರೋ ಕಟ್ಟಿದ ಸೇತುವೆ ಅಲ್ಲ, ಹೊಳೆಗೆ ಅಡ್ಡ ಬಿದ್ದಿರುವ ಮನೆಯಷ್ಟು ದೊಡ್ಡ ಬಂಡೆ. ಪಾಂಡವರು ಇಟ್ಟಿದ್ದು ಅಂತ ಅಲ್ಲಿನವರು ಹೇಳುತ್ತಾರೆ. ಬಂಡೆ ಮೇಲೆ ಬೂಟಿನ ತುದಿ ಮಾತ್ರ ಊರುವಷ್ಟು ಜಾಗ. ಬೆನ್ನಿಗೆ ಬ್ಯಾಗು, ಕಾಲ ಕೆಳಗೆ ಪಾರ್ವತಿಯ ಭೋರ್ಗರೆತ. ಪಕ್ಕದಲ್ಲಿರುವವರು ಏನು ಹೇಳಿದರೂ ಕೇಳಿಸುವುದಿಲ್ಲ. ಗೈಡ್ ಕೈ ಚಾಚಿ ನಿಂತಿರುತ್ತಾರೆ, ಆ ಕೈ ನೋಡಿಕೊಂಡು ಹೆಜ್ಜೆ ಇಡಬೇಕು. ಇದನ್ನು ದಾಟಿ ಇನ್ನೂ ನಡೆದರೆ ಪಾರ್ವತಿ ನದಿ ಹುಟ್ಟುವ ಮಾನತಲಾಯಿ ಸರೋವರ, 4,100 ಮೀಟರ್ ಆಸುಪಾಸು.

ಇಲ್ಲೇ ನನ್ನ ಮಾತು ಇರುವುದು. ಮಾನತಲಾಯಿಯಲ್ಲಿ ಒಂದು ದಿನ ನಿಲ್ಲಿ.

ಯಾಕೆ ಗೊತ್ತಾ? ಮುಂದಿನ ಬೇಸ್ ಕ್ಯಾಂಪ್ ಇರುವುದು 4,900ರ ಹತ್ತಿರ. ಹಿಮನದಿ ಪಕ್ಕದ ಕಲ್ಲುರಾಶಿ ಹತ್ತಿಕೊಂಡು ಒಂದೇ ದಿನದಲ್ಲಿ ಏಳೆಂಟು ನೂರು ಮೀಟರ್ ಏರಿ ಅಲ್ಲೇ ಮಲಗಬೇಕು. ಪರ್ವತ ವೈದ್ಯರು ಹೇಳುವ ಲೆಕ್ಕ ಏನು? 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿರಾಮ ಬೇಕು. ಈ ದಾರಿಯಲ್ಲಿ ಆ ಲೆಕ್ಕ ಮುರಿಯುವ ಜಾಗ ಇದೇ. ನಡುವೆ ಡೇರೆ ಹಾಕಲು ಒಳ್ಳೆಯ ಜಾಗ ಸಿಗುವುದು ಕಷ್ಟ. ಹಾಗಾದರೆ ಉಳಿದ ದಾರಿ ಏನು? ಏರುವ ಮುಂಚೆ ದೇಹಕ್ಕೆ ಟೈಮ್ ಕೊಡುವುದು. ಇದು ನನ್ನ ಸೋಮಾರಿತನ ಅಲ್ಲ ತಮ್ಮಾ. ಕೂಡಿ ಕಳೆದು ನೋಡಿ, ನಿಮಗೇ ಗೊತ್ತಾಗುತ್ತದೆ.

ದೇಹದೊಳಗೆ ಏನಾಗುತ್ತದೆ ಅಂತ ತಿಳಿದುಕೊಂಡರೆ ಈ ಒಂದು ದಿನದ ಬೆಲೆ ಗೊತ್ತಾಗುತ್ತದೆ. ಪಾಸ್ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧ. ಅಂದರೆ ಪ್ರತಿ ಉಸಿರಿಗೂ ಅರ್ಧದಷ್ಟೇ ಆಮ್ಲಜನಕ. ದೇಹ ತಕ್ಷಣ ಉಸಿರನ್ನು ಜೋರು ಮಾಡುತ್ತದೆ. ಜೋರಾದಾಗ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ, ರಕ್ತದ ಆಮ್ಲ ಕ್ಷಾರದ ಹದ ತಪ್ಪುತ್ತದೆ. ಮೆದುಳು ಗಾಬರಿಯಾಗಿ ಉಸಿರಿಗೆ ಬ್ರೇಕ್ ಹಾಕುತ್ತದೆ. ಅದಕ್ಕೇ ರಾತ್ರಿ ಡೇರೆಯಲ್ಲಿ ಪಕ್ಕದವರ ಉಸಿರು ಒಮ್ಮೆ ಜೋರಾಗಿ, ಆಮೇಲೆ ನಿಂತೇಹೋಯಿತೇನೋ ಅನ್ನುವ ಹಾಗಾಗಿ, ಮತ್ತೆ ಏದುಸಿರಲ್ಲಿ ಶುರುವಾಗುವುದು. ಈ ಹದವನ್ನು ಸರಿ ಮಾಡುವುದು ಮೂತ್ರಪಿಂಡ. ಅದು ಬೈಕಾರ್ಬನೇಟ್ ಅನ್ನುವ ಕ್ಷಾರವನ್ನು ನಿಧಾನಕ್ಕೆ ಹೊರಹಾಕಬೇಕು. ಅದಕ್ಕೆ ದಿನಗಳು ಬೇಕು, ಗಂಟೆಗಳು ಸಾಲುವುದಿಲ್ಲ. ನೀವು ಎಷ್ಟೇ ಬಯ್ದರೂ ಮೂತ್ರಪಿಂಡ ಅವಸರ ಮಾಡಲ್ಲ.

"ನಾನು ಫಿಟ್ ಇದ್ದೀನಿ, ಮ್ಯಾರಥಾನ್ ಓಡ್ತೀನಿ." ಈ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. ಕಾಲಿಗೆ ಶಕ್ತಿ ಇದ್ದ ಮಾತ್ರಕ್ಕೆ ಎತ್ತರದ ಕಾಯಿಲೆ ಬಿಡುವುದಿಲ್ಲ. ಫಿಟ್ ಇರುವವರು ಬೇಗ ಬೇಗ ಏರುತ್ತಾರೆ, ತಲೆನೋವು ಬಂದರೂ ಹೇಳಿಕೊಳ್ಳುವುದಿಲ್ಲ. ಅವರಿಗೇ ಜಾಸ್ತಿ ಭಯ ಇರಬೇಕು. ಓಡಿ ಗೆದ್ದ ಮೆಡಲ್ ಮನೆಯಲ್ಲೇ ಇರಲಿ, ಮಾನತಲಾಯಿಯಲ್ಲಿ ಒಂದು ದಿನ ನಿಲ್ಲಿ.

"ಡೈಮಾಕ್ಸ್ ತಗೋತೀವಿ." ಎತ್ತರದ ಕಾಯಿಲೆ ತಡೆಯುವ ಮಾತ್ರೆ ಅದು. ತಗೊಳ್ಳಿ, ಡಾಕ್ಟರ್ ಹತ್ತಿರ ಕೇಳಿ ತಗೊಳ್ಳಿ. ಆಗಲೇ ಹೇಳಿದೆನಲ್ಲ, ಮೂತ್ರಪಿಂಡ ಮಾಡುವ ಆ ಕೆಲಸವನ್ನೇ ಮಾತ್ರೆ ಸ್ವಲ್ಪ ಚುರುಕು ಮಾಡುತ್ತದೆ. ಆ ಕೆಲಸಕ್ಕೆ ಬೇಕಾದ ದಿನವನ್ನು ಮಾತ್ರೆಯಿಂದ ತರಲು ಆಗುವುದಿಲ್ಲ.

"ಆಕ್ಸಿಮೀಟರ್‌ನಲ್ಲಿ ನಂಬರ್ ಚೆನ್ನಾಗಿದೆ." ಆ ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಆಕ್ಸಿಮೀಟರ್ ಏನೇನೋ ತೋರಿಸುತ್ತದೆ. ನಂಬರ್ ಆಮೇಲೆ ನೋಡಿ, ಮೊದಲು ಮನುಷ್ಯನನ್ನು ನೋಡಿ. ಡೇರೆಯಿಂದ ಹೊರಗೆ ಕರೆಯಿರಿ. ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸಿಕೊಂಡು ನೇರ ಗೆರೆಯಲ್ಲಿ ನಡೆಯಲು ಹೇಳಿ. ವಾಲಿದರೆ, ತಡವರಿಸಿದರೆ, ಅದು ಸುಸ್ತು ಅಂತ ಬಿಟ್ಟುಬಿಡಬೇಡಿ. ಮೆದುಳು ಊದಿಕೊಳ್ಳುತ್ತಿರಬಹುದು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಬಂದರೆ ಶ್ವಾಸಕೋಶಕ್ಕೆ ನೀರು ತುಂಬುತ್ತಿರಬಹುದು. ಎರಡಕ್ಕೂ ಮೊದಲ ಔಷಧಿ ಕೆಳಗೆ ಇಳಿಯುವುದು. ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಮಾನತಲಾಯಿಯಲ್ಲಿ ಇದು ಗೊತ್ತಾದರೆ ಇಳಿಯಲು ದಾರಿ ಇದೆ, ಬೆಳಕಿದೆ, ಜೊತೆಗೆ ಬರುವವರಿಗೆ ಶಕ್ತಿ ಇದೆ. ಬೇಸ್ ಕ್ಯಾಂಪಿನಲ್ಲಿ ನಡುರಾತ್ರಿ ಗೊತ್ತಾದರೆ? ಆ ಕಲ್ಲುರಾಶಿಯಲ್ಲಿ ಹೆಡ್‌ಲ್ಯಾಂಪ್ ಹಾಕಿಕೊಂಡು ಒಬ್ಬರನ್ನು ಹೊತ್ತು ಇಳಿಯುವುದನ್ನು ಯೋಚನೆ ಮಾಡಿ.

ಅಂದಹಾಗೆ, ಔಷಧಿ ಡಬ್ಬದಲ್ಲಿ ಏನೇನಿರಬೇಕು ಅಂತ ಹೋದ ತಿಂಗಳು ಪೂರ್ತಿ ಒಂದು ವಿಡಿಯೋ ಮಾಡಿದ್ದೇನೆ, ಚಾನೆಲ್‌ನಲ್ಲಿ ಇದೆ. ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲ ಅಂದರೆ ಈಗಲೇ ಆಗಿಬಿಡಿ. ಕನ್ನಡದಲ್ಲಿ ಈ ವಿಷಯ ಇಷ್ಟು ಬಿಡಿಸಿ ಹೇಳುವವರು ಕಡಿಮೆ, ನಿಮ್ಮ ಬೆಂಬಲ ಇದ್ದರೆ ಇನ್ನೂ ಮಾಡಬಹುದು.

ಇನ್ನೊಬ್ಬರು ಬರೆದಿದ್ದಾರೆ, "ಕುರಿಗಾಹಿಗಳು ಅಲ್ಲೆಲ್ಲ ಆರಾಮಾಗಿ ಓಡಾಡ್ತಾರೆ, ನಾವ್ಯಾಕೆ ಓಡಾಡಬಾರದು?" ಗೆಳೆಯರೇ, ಗದ್ದಿ ಕುರಿಗಾಹಿಗಳು ಚಳಿಗಾಲಕ್ಕೆ ಕೆಳಗಿನ ಬೆಟ್ಟಗಳಲ್ಲಿ ಇರುತ್ತಾರೆ. ಹಿಮ ಕರಗಿದ ಹಾಗೆ, ಹುಲ್ಲು ಚಿಗುರಿದ ಹಾಗೆ ಕುರಿಗಳ ಜೊತೆ ಒಂದೊಂದೇ ಥಾಚ್, ಅಂದರೆ ಹುಲ್ಲುಗಾವಲು, ಹತ್ತಿ ಮೇಲೆ ಬರುತ್ತಾರೆ. ಆ ಹತ್ತುವಿಕೆಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಈ ಪರ್ವತಗಳಲ್ಲಿ ಅವರಷ್ಟು ನಿಧಾನಕ್ಕೆ ಮೇಲೆ ಏರುವವರು ಇನ್ಯಾರೂ ಇಲ್ಲ. ಅವರನ್ನು ನೋಡಿ ಕಲಿಯುವುದಿದ್ದರೆ ಆ ನಿಧಾನವನ್ನು ಕಲಿಯಿರಿ. ನೀವು ಮೊನ್ನೆ ವಿಮಾನ ಇಳಿದು, ರಾತ್ರಿ ಬಸ್ ಹತ್ತಿ ಬಂದವರು.

ಸರಿ, ದೇಹದ ವಿಷಯ ಬಿಡಿ. ಹವಾಮಾನಕ್ಕೆ ಏನು ಹೇಳುತ್ತೀರಿ? ಪಾಸ್ ದಾಟುವ ದಿನ ಕತ್ತಲಿರುವಾಗಲೇ ಹೊರಡಬೇಕು. ಆಗ ಹಿಮ ಕಲ್ಲಿನ ಹಾಗೆ ಗಟ್ಟಿ ಇರುತ್ತದೆ, ಹಿಮನದಿಯ ಬಿರುಕುಗಳ ಮೇಲಿನ ಹಿಮದ ಮುಚ್ಚಿಗೆ ಭಾರ ತಡೆಯುತ್ತದೆ. ಗೈಡ್ ಮುಂದೆ ಕೋಲು ಚುಚ್ಚಿ ಚುಚ್ಚಿ ನೋಡುತ್ತಾರೆ, ಕೋಲು ಸರ್ ಅಂತ ಒಳಗೆ ಇಳಿದರೆ ಕೈ ಎತ್ತುತ್ತಾರೆ, ಹಗ್ಗದಲ್ಲಿರುವ ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ. ಅದೇ ಹಿಮ ಬಿಸಿಲು ಏರಿದ ಮೇಲೆ ನೆನೆಸಿದ ಅವಲಕ್ಕಿ. ಮೊಣಕಾಲವರೆಗೆ ಹೂತುಹೋಗುತ್ತದೆ. ತೊರೆಗಳೂ ಅಷ್ಟೇ, ಬೆಳಗ್ಗೆ ಮೊಣಕಾಲಿಗೆ ಇದ್ದ ನೀರು ಹಿಮ ಕರಗಿ ಮಧ್ಯಾಹ್ನಕ್ಕೆ ಸೊಂಟಕ್ಕೆ ಬರುತ್ತದೆ. ಆ ದಿನ ಬೆಳಗ್ಗೆ ಮೋಡ ಕವಿದು ಹಿಮ ಬೀಳುತ್ತಿದ್ದರೆ ಏನು ಮಾಡುತ್ತೀರಿ? ಪ್ಲಾನಿನಲ್ಲಿ ಕೈಯಲ್ಲಿ ಒಂದು ದಿನ ಇದ್ದರೆ ಕಾಯುತ್ತೀರಿ. ಇಲ್ಲದಿದ್ದರೆ ಹೊರಡುತ್ತೀರಿ. ನೋಡಿ, ಕೈಯಲ್ಲಿ ದಿನ ಇಲ್ಲದವರು ಹೊರಟೇ ಹೊರಡುತ್ತಾರೆ. ಅಡುಗೆ ಸಾಮಾನೂ ಅಷ್ಟೇ ದಿನಕ್ಕೆ ತಂದಿರುತ್ತಾರೆ, ಸೀಮೆಎಣ್ಣೆಯೂ ಅಷ್ಟೇ, ವಾಪಸ್ ಟಿಕೆಟ್ಟೂ ಬುಕ್ ಆಗಿರುತ್ತದೆ.

2021ರ ಅಕ್ಟೋಬರ್‌ನಲ್ಲಿ ಹರ್ಸಿಲ್‌ನಿಂದ ಚಿಟ್ಕುಲ್‌ಗೆ ಹೋಗುವ ಲಮ್ಖಾಗಾ ಪಾಸ್ ಹಾದಿಯಲ್ಲಿ ಹಿಮಪಾತಕ್ಕೆ ಸಿಕ್ಕಿ ಚಾರಣಿಗರು ತೀರಿಕೊಂಡರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹವಾಮಾನ ಕೆಟ್ಟು ನಮ್ಮ ಕರ್ನಾಟಕದ 9 ಜನ ತೀರಿಕೊಂಡರು. ಅವರಲ್ಲಿ ಅನುಭವ ಇದ್ದವರೂ ಇದ್ದರು. ನಾನು ಅವರ ಬಗ್ಗೆ ಒಂದು ಮಾತೂ ಆಡುವುದಿಲ್ಲ, ಆಡುವ ಹಕ್ಕೂ ನನಗಿಲ್ಲ. ಅಲ್ಲಿನ ಹವಾಮಾನ ಎಷ್ಟು ಬೇಗ ತಿರುಗುತ್ತದೆ ಅಂತ ಮಾತ್ರ ಹೇಳುತ್ತಿದ್ದೇನೆ. ಆ ಸುದ್ದಿ ಬಂದ ದಿನ ನಾವೆಲ್ಲ ಫೋನ್ ಹಿಡಿದುಕೊಂಡು ಗೊತ್ತಿರುವವರ ಹೆಸರು ಹುಡುಕಿದ್ದೇವೆ. ಅದಾದ ಮೇಲೂ ಆರು ದಿನದಲ್ಲಿ ಮುಗಿಸಿದೆ ಅಂತ ಹೆಮ್ಮೆ ಪಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

"ಒಂದು ದಿನ ಜಾಸ್ತಿ ಅಂದ್ರೆ ದುಡ್ಡು ಜಾಸ್ತಿ." ಹೌದು, ಜಾಸ್ತಿ. ಗೈಡ್‌ಗೆ, ಅಡುಗೆಯವರಿಗೆ, ಪೋರ್ಟರ್‌ಗಳಿಗೆ ಒಂದು ದಿನದ ಕೂಲಿ ಕೊಡಬೇಕು. ಕೊಡಿ! ನಿಮ್ಮ ಡೇರೆ, ನಿಮ್ಮ ಅಕ್ಕಿ, ನಿಮ್ಮ ಗ್ಯಾಸ್ ಹೊತ್ತುಕೊಂಡು ಬರುವವರೂ ಅದೇ ಗಾಳಿ ಉಸಿರಾಡುವುದು. ಅವರಿಗೂ ತಲೆನೋವು ಬರುತ್ತದೆ, ಕೂಲಿ ಹೋದೀತು ಅಂತ ಹೇಳಿಕೊಳ್ಳುವುದಿಲ್ಲ. ನೀವು ನಿಂತರೆ ಅವರೂ ನಿಲ್ಲಬಹುದು. ದುಡ್ಡು ಇಲ್ಲದಿದ್ದರೆ ಈ ವರ್ಷ ಹಮ್ತಾ ಪಾಸ್ ಮಾಡಿ, ಅದೂ ಚೆಂದ. ಪಿನ್ ಪಾರ್ವತಿ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

"ರಜೆ ಸಿಗಲ್ಲ." ಹಾಗಾದರೆ ಹೋಗಬೇಡಿ. ಇದಕ್ಕೆ ನನ್ನ ಹತ್ತಿರ ಬೇರೆ ಉತ್ತರ ಇಲ್ಲ.

"ಬೋರ್ ಆಗುತ್ತೆ." ಮಾನತಲಾಯಿಯಲ್ಲಿ ಬೋರ್ ಆಗುತ್ತಾ? ಬಯಲಿನಲ್ಲಿ ನದಿ ಹತ್ತಾರು ಎಳೆಯಾಗಿ ಒಡೆದು ಹರಿಯುತ್ತಿರುತ್ತದೆ. ಬೆಳಗ್ಗೆ ತೆಳುವಾಗಿದ್ದ ಎಳೆ ಮಧ್ಯಾಹ್ನಕ್ಕೆ ಅಗಲವಾಗಿ, ಒಣಗಿದ್ದ ಕಲ್ಲುಗಳು ಒಂದೊಂದಾಗಿ ಮುಳುಗುತ್ತವೆ. ಅದನ್ನು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಮತ್ತೆ ಇಡೀ ದಿನ ಮಲಗಿ ಅಂತ ನಾನು ಎಲ್ಲಿ ಹೇಳಿದೆ? ಬೆಳಗ್ಗೆ ತಿಂಡಿ ತಿಂದು ಮುಂದಿನ ದಾರಿಯಲ್ಲಿ ಮುನ್ನೂರು ಮೀಟರ್ ಹತ್ತಿ, ಅಲ್ಲಿ ಸ್ವಲ್ಪ ಹೊತ್ತು ಕೂತು, ಕೆಳಗೆ ಬಂದು ಮಲಗಿ. ಸಾಕ್ಸ್ ಒಣಗಿಸಿ. ನೀರು ಕುಡಿಯಿರಿ. ಹಗ್ಗ ಕಟ್ಟಿಕೊಳ್ಳುವುದನ್ನು ಗೈಡ್ ಹತ್ತಿರ ಹೇಳಿಸಿಕೊಂಡು ಅಭ್ಯಾಸ ಮಾಡಿ. ಮಾಡಲು ಬೇಕಾದಷ್ಟಿದೆ.

ಇನ್ನೂ ಯಾರಾದರೂ ವಾದ ಮಾಡುವುದಿದ್ದರೆ ಮಾಡಿ, ನಾನು ಬದಲಾಗಲ್ಲ. ನಿಲ್ಲಿ ಅಂದರೆ ನಿಲ್ಲಿ. ನಿಮ್ಮ ಅಪ್ಪ ಅಮ್ಮನನ್ನು ಕೇಳಿ, ಅವರೂ ಇದನ್ನೇ ಹೇಳುತ್ತಾರೆ! ಬುಕ್ ಮಾಡುವ ಮುಂಚೆ ಟ್ರೆಕ್ ನಡೆಸುವವರಿಗೆ ಫೋನ್ ಮಾಡಿ ಕೇಳಿ. ವಿರಾಮದ ದಿನ ಯಾವುದು? ಹವಾಮಾನಕ್ಕೆ ಅಂತ ಇಟ್ಟಿರುವ ದಿನ ಯಾವುದು? ಅದಕ್ಕೆ ರೇಷನ್ ಹೊರುತ್ತೀರಾ? "ಬೇಕಾದ್ರೆ ಅಲ್ಲಿ ನೋಡ್ಕೊಳ್ಳೋಣ" ಅಂದರೆ ಫೋನ್ ಇಡಿ.

ಸರಿ ಗೆಳೆಯರೇ. ಈ ಜುಲೈನಿಂದ ಸೆಪ್ಟೆಂಬರ್ ಒಳಗೆ ಹೊರಟಿರುವವರು ನಿಮ್ಮ ಪ್ಲಾನನ್ನು ಕೆಳಗೆ ಬರೆಯಿರಿ. ಯಾವ ದಿನ ಎಲ್ಲಿ ಮಲಗುತ್ತೀರಿ, ಎಷ್ಟು ಎತ್ತರ, ಅಷ್ಟೇ ಸಾಕು. ಒಂದೊಂದನ್ನೂ ಓದಿ ಉತ್ತರ ಕೊಡುತ್ತೇನೆ. ಮುಂದಿನ ಸಂಚಿಕೆ ಹಿಮನದಿ ಮೇಲೆ ಹಗ್ಗ ಕಟ್ಟಿಕೊಂಡು ನಡೆಯುವುದು ಹೇಗೆ ಅಂತ. ಬೆಲ್ ಒತ್ತಿಡಿ. ಸಿಗೋಣ, ನಮಸ್ಕಾರ.