ಎರಡು ಚದರ ಕಿಲೋಮೀಟರಿನ ಆಟದ ಬಯಲು

ಕೇಳುಗರೆಲ್ಲರಿಗೂ ನಮಸ್ಕಾರ. ಮೊನಾಕೊ ಎಂದೊಡನೆ ಬಹುಮಂದಿಗೆ ನೆನಪಾಗುವುದು ಬಿಳಿಯ ವಿಹಾರನೌಕೆಗಳು, ಮಾಂಟೆ ಕಾರ್ಲೊದ ಕ್ಯಾಸಿನೊ ಮತ್ತು ಅಲ್ಲಿ ಮನೆ ಮಾಡಿಕೊಂಡಿರುವ ಕೋಟ್ಯಧೀಶರು. ಜೂಜಿಗೆ ಹಣ ಕಟ್ಟದೆ, ನೌಕೆಯನ್ನು ಬಾಡಿಗೆಗೆ ಹಿಡಿಯದೆ, ಅಲ್ಲಿಗೆ ಹೋದ ಸಾಮಾನ್ಯ ಪ್ರವಾಸಿಯೊಬ್ಬ ಹೇಗೆ ಹೊತ್ತು ಕಳೆಯಬಹುದು ಎಂಬುದು ಈ ಭಾಷಣದ ವಿಷಯ. ಇಡೀ ದೇಶದ ವಿಸ್ತೀರ್ಣ ಸುಮಾರು 2 ಚದರ ಕಿಲೋಮೀಟರ್. ಎದುರಿಗೆ ಮೆಡಿಟರೇನಿಯನ್ ಸಮುದ್ರ, ಬೆನ್ನಿಗೆ ಕಡಿದಾದ ಬೆಟ್ಟ. ಹೀಗಾಗಿ ಆಟಕ್ಕೆಂದೇ ಜಾಗ ಬಿಡುವುದು ಆ ಊರಿಗೆ ಸುಲಭವಲ್ಲ. ಇದ್ದ ಜಾಗವನ್ನೇ ಎರಡು ಮೂರು ಬಗೆಯಲ್ಲಿ ಬಳಸಿಕೊಳ್ಳುವ ಅಲ್ಲಿನವರ ಜಾಣತನ, ನನ್ನ ಮಟ್ಟಿಗೆ, ಕ್ಯಾಸಿನೊದ ಥಳಕಿಗಿಂತ ಹೆಚ್ಚು ನೋಡತಕ್ಕದ್ದು.

ಇದಕ್ಕೆ ದೊಡ್ಡ ಸಾಕ್ಷಿ 1929ರಲ್ಲಿ ಆರಂಭವಾದ ಮೊನಾಕೊ ಗ್ರ್ಯಾನ್ ಪ್ರೀ ಕಾರು ಓಟ. ಇದಕ್ಕೆ ಪ್ರತ್ಯೇಕ ಪಥವಿಲ್ಲ. ಜನರು ದಿನನಿತ್ಯ ಓಡಾಡುವ ಬೀದಿಗಳಿಗೇ ವಾರಗಟ್ಟಲೆ ಮುಂಚಿನಿಂದ ಉಕ್ಕಿನ ತಡೆಗೋಡೆ ಕಟ್ಟಿ, ಓಟ ಮುಗಿದ ಮೇಲೆ ಬಿಚ್ಚಿಬಿಡುತ್ತಾರೆ. ಓಟದ ದಿನದ ಟಿಕೆಟ್ಟು ದುಬಾರಿ. ಆದರೆ ಉಳಿದ ದಿನಗಳಲ್ಲಿ 3.337 ಕಿಲೋಮೀಟರ್ ಉದ್ದದ ಆ ಸುತ್ತನ್ನು ಯಾರು ಬೇಕಾದರೂ ಕಾಸಿಲ್ಲದೆ ನಡೆದು ಮುಗಿಸಬಹುದು. ಬಂದರಿನ ದಂಡೆಯಿಂದ ಕ್ಯಾಸಿನೊ ಚೌಕಕ್ಕೆ ಏರುವಾಗ ಏದುಸಿರು ಬರುತ್ತದೆ. ಟಿವಿಯಲ್ಲಿ ಆ ಏರು ಅಷ್ಟಾಗಿ ಕಾಣುವುದಿಲ್ಲ. ಅಲ್ಲಿಂದ ಇಳಿದರೆ ಹೋಟೆಲಿನ ಮುಂದಿನ ಹಿಮ್ಮುರಿ ತಿರುವು ಸಿಗುತ್ತದೆ. ಫಾರ್ಮುಲಾ ಒನ್ ಪಥಗಳಲ್ಲೇ ಅತಿ ನಿಧಾನದ ಈ ತಿರುವಿನಲ್ಲಿ ಕಾರುಗಳು ಗಂಟೆಗೆ ಸುಮಾರು 50 ಕಿಲೋಮೀಟರಿಗೆ ಇಳಿಯುತ್ತವೆ, ಮತ್ತು ಇದೊಂದು ತಿರುವಿಗಾಗಿಯೇ ತಂಡಗಳು ಸ್ಟೀರಿಂಗ್ ಇನ್ನಷ್ಟು ಹೊರಳುವಂತೆ ಮಾರ್ಪಾಡು ಮಾಡಿಕೊಂಡು ಬರುತ್ತವೆ. ಅದರ ಅಂಚಿನ ಕೆಂಪು ಬಿಳಿ ಪಟ್ಟೆಯ ಬದಿಯಲ್ಲಿ ನಿಂತಾಗಲೇ, ಇಲ್ಲಿ ಒಂದು ಕಾರು ಇನ್ನೊಂದನ್ನು ಹಿಂದಿಕ್ಕುವುದು ಏಕೆ ಅಷ್ಟು ಕಷ್ಟವೆಂದು ತಿಳಿಯುವುದು. ಇಂಥ ಇಕ್ಕಟ್ಟಿನಲ್ಲಿ ಬ್ರೆಜಿಲಿನ ಚಾಲಕ ಆಯರ್ಟನ್ ಸೆನ್ನಾ ಆರು ಸಲ ಗೆದ್ದದ್ದು ಸಣ್ಣ ಮಾತಲ್ಲ.

ಅದೇ ಪಥ ಬಂದರಿನ ಬಳಿ ಒಂದು ಈಜುಕೊಳವನ್ನು ಬಳಸಿಕೊಂಡು ಹೋಗುತ್ತದೆ. ರೇನಿಯರ್ ದೊರೆಯ ಹೆಸರಿನ ಈ ಬಯಲು ಕೊಳದಲ್ಲಿರುವುದು ಬೆಚ್ಚಗೆ ಮಾಡಿದ ಸಮುದ್ರದ ನೀರು. ಬೇಸಿಗೆಯಲ್ಲಿ ಜನ ಈಜುವ ಇದೇ ಸ್ಥಳ ಚಳಿಗಾಲ ಬಂತೆಂದರೆ ಮಂಜಿನ ಮೇಲೆ ಜಾರುವ ಸ್ಕೇಟಿಂಗ್ ಅಂಗಣವಾಗುತ್ತದೆ. 1985ರಲ್ಲಿ ತೆರೆದ ಎರಡನೆಯ ಲೂಯಿ ಕ್ರೀಡಾಂಗಣದ ಕಥೆಯೂ ಇಂಥದ್ದೇ. ಮೇಲೆ ಫುಟ್‌ಬಾಲ್ ನಡೆಯುತ್ತಿದ್ದರೆ, ಮೈದಾನದ ಹುಲ್ಲಿನ ಅಡಿಯ ಅಂತಸ್ತುಗಳಲ್ಲಿ ಕಾರುಗಳು ನಿಂತಿರುತ್ತವೆ.

ಎಷ್ಟು ಮಡಚಿದರೂ ಹಿಡಿಸದ ಆಟಗಳು ಗಡಿ ದಾಟಿವೆ. ಪ್ರತಿ ಏಪ್ರಿಲಿನಲ್ಲಿ ನಡೆಯುವ ಮಾಂಟೆ ಕಾರ್ಲೊ ಟೆನಿಸ್ ಪಂದ್ಯಾವಳಿಯ ಕೆಂಪು ಮಣ್ಣಿನ ಅಂಕಣಗಳಿರುವುದು ಫ್ರಾನ್ಸಿನ ನೆಲದಲ್ಲಿ. ರಫೆಲ್ ನಡಾಲ್ ಹನ್ನೊಂದು ಬಾರಿ ಪ್ರಶಸ್ತಿ ಎತ್ತಿದ್ದು ಅಲ್ಲಿಯೇ. ಗಾಲ್ಫ್ ಮೈದಾನವಂತೂ ಫ್ರಾನ್ಸಿನ ಅಜೆಲ್ ಬೆಟ್ಟವನ್ನೇ ಏರಿ ಕುಳಿತಿದೆ.

ಲಾರ್ವೊಟ್ಟೊ ಕಡಲತೀರ ಸಾರ್ವಜನಿಕರಿಗೆ ತೆರೆದಿದೆ. ಮಾನವನಿರ್ಮಿತ ತೀರವಾದ್ದರಿಂದ ಮೆತ್ತನೆಯ ಮರಳನ್ನು ನಿರೀಕ್ಷಿಸಬಾರದು, ಕಾಲಡಿಗೆ ಸಣ್ಣ ಬೆಣಚುಕಲ್ಲುಗಳೇ. ಸಮುದ್ರವನ್ನು ಒಳಗಿನಿಂದ ಅರಿಯಬಯಸುವವರು ಒಂದನೆಯ ಆಲ್ಬರ್ಟ್ ದೊರೆ 1910ರಲ್ಲಿ ತೆರೆದ ಸಾಗರ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಬೇಕು. ಮುಳುಗುಗಾರ ಜಾಕ್ ಕುಸ್ತೊ ದಶಕಗಳ ಕಾಲ ನಿರ್ದೇಶಕರಾಗಿದ್ದ ಸಂಸ್ಥೆ ಅದು.

ನಡಿಗೆಯ ಹುಚ್ಚಿರುವವರಿಗೆ ಈ ಪುಟ್ಟ ದೇಶ ಸಾಲದು. ಇಟಲಿಯ ಟ್ರೀಸ್ಟೆಯಿಂದ ಹೊರಟು ಆಲ್ಪ್ಸ್ ಶ್ರೇಣಿಯನ್ನು ಹಾಯ್ದು ಬರುವ ವಿಯಾ ಆಲ್ಪಿನಾ ಎಂಬ ಕಾಲುದಾರಿ ಮುಗಿಯುವುದು ಮೊನಾಕೊದಲ್ಲಿ. ಅಷ್ಟು ಬಿಡುವಿಲ್ಲದವರಿಗೆ, ಬಂಡೆಗಳ ಅಂಚಿನಲ್ಲೇ ಪೂರ್ವಕ್ಕೆ ಫ್ರಾನ್ಸಿನ ಕಾಪ್ ಮಾರ್ಟೆನ್ ಭೂಶಿರದವರೆಗೆ ಸಾಗುವ ಕರಾವಳಿ ಹಾದಿಯಿದೆ. ಹೋಗುವಾಗ ನಡೆದು, ಬರುವಾಗ ಹತ್ತಿರದ ರೋಕ್‌ಬ್ರೂನ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಮೊನಾಕೊಗೆ ಹಿಂದಿರುಗಬಹುದು. ನಮಸ್ಕಾರ.