ರಾಜನ ತಲೆಗೊಂದು ಬೇಲಿ: 'ಇಂಪೇಲ್' ಪದದ ಕಥೆ

ನಮಸ್ಕಾರ. ಷೇಕ್ಸ್‌ಪಿಯರ್ ಬರೆದ ಆರನೇ ಹೆನ್ರಿ ನಾಟಕದ ಮೂರನೇ ಭಾಗದಲ್ಲಿ ವಾರ್ವಿಕ್ ಎಂಬ ಸರದಾರ ಒಂದು ಮಾತು ಕೇಳುತ್ತಾನೆ. ರಾಜ ಎಡ್ವರ್ಡ್‌ನನ್ನು ರಾಜಕಿರೀಟದಿಂದ 'ಇಂಪೇಲ್' ಮಾಡಿದ್ದು ನಾನಲ್ಲವೇ, ಅಂತ. ಓದಿ ಬೆಚ್ಚಿಬಿದ್ದೆ. ಇಂಪೇಲ್ ಅಂದರೆ ಶೂಲಕ್ಕೇರಿಸುವುದು ಅಲ್ವಾ? ಕಿರೀಟದಿಂದ ಶೂಲಕ್ಕೇರಿಸುವುದು ಹೇಗೆ?

ಈ ಪದಕ್ಕೆ ಇನ್ನೊಂದು ಹಳೆಯ ಅರ್ಥವಿದೆ: ಬೇಲಿ ಹಾಕುವುದು. ಮೂಲ ಲ್ಯಾಟಿನ್‌ನ 'ಪಾಲುಸ್', ಅಂದರೆ ಗೂಟ. ಚೂಪು ಗೂಟಗಳನ್ನು ಸಾಲಾಗಿ ನೆಟ್ಟರೆ ಬೇಲಿ, ಒಂದನ್ನೇ ಮೈಗೆ ಹೊಗಿಸಿದರೆ ಶೂಲ.

[ಪರದೆ: ಕಿರೀಟದ ಚಿತ್ರ, ನಿಧಾನಕ್ಕೆ ಹತ್ತಿರಕ್ಕೆ]

ಈಗ ಈ ಕಿರೀಟ ನೋಡಿ. ಸುತ್ತಲೂ ಚೂಪು ತುದಿಗಳು, ನಡುವೆ ತಲೆ. ಥೇಟ್ ಬೇಲಿ! ನನಗಂತೂ ಇನ್ನು ಯಾವ ಕಿರೀಟ ನೋಡಿದರೂ ಹಿತ್ತಲ ಬೇಲಿಯೇ ನೆನಪಾಗುತ್ತದೆ.

ಇದೇ ಗೂಟದಿಂದ ಹುಟ್ಟಿದ 'ಪೇಲ್' ಒಂದು ಸೀಮೆಗೇ ಹೆಸರಾಯಿತು. ಐರ್ಲೆಂಡಿನಲ್ಲಿ ಡಬ್ಲಿನ್ ಸುತ್ತ ಇಂಗ್ಲಿಷ್ ಆಳ್ವಿಕೆ ಗಟ್ಟಿಯಾಗಿದ್ದ ಜಾಗವೇ 'ಪೇಲ್'. 1494ರಲ್ಲಿ ಒಂದು ಕಾಯಿದೆ ಬಂತು. ಗಡಿಯ ಉದ್ದಕ್ಕೂ ಜೋಡಿ ಬದು ಹಾಕಬೇಕು, ಐರಿಷರ ಕಡೆಗೆ ಅದು ನೆಲದಿಂದ 6 ಅಡಿ ಎತ್ತರ ಇರಬೇಕು. ನಮ್ಮ ಮಲೆನಾಡಿನಲ್ಲಿ ತೋಟದ ಸುತ್ತ ಅಗಳು ತೋಡಿ, ಆ ಮಣ್ಣನ್ನೇ ಪಕ್ಕದಲ್ಲಿ ಏರಿ ಮಾಡುತ್ತಾರಲ್ಲ, ಆ ಥರ.

6 ಅಡಿ ಮಣ್ಣಿನ ಏರಿಗೆ ಯಾವ ಸೈನ್ಯ ನಿಲ್ಲುತ್ತದೆ ಅಂತೀರಾ? ಮುಖ್ಯ ಭಯ ಸೈನ್ಯದ್ದಲ್ಲ, ದನಗಳ್ಳರದ್ದು. ಆಗಿನ ಐರ್ಲೆಂಡಿನಲ್ಲಿ ದನವೇ ಆಸ್ತಿ. ರಾತ್ರಿ ಬಂದ ಕಳ್ಳ ಏರಿ ಹತ್ತಿ ಇಳಿದಾನು. ಆದರೆ ಕದ್ದ ಹಸುವನ್ನು ಹತ್ತಿಸಬೇಕಲ್ಲ! ಹಗ್ಗ ಹಿಡಿದು ಎಳೆಯುವವನು ಮೇಲೆ, ಕಾಲೂರಿ ನಿಂತ ಹಸು ಕೆಳಗೆ. ದನ ಕಟ್ಟಿ ಗೊತ್ತಿದ್ದವರೇ ಈ ಲೆಕ್ಕ ಹಾಕಿರಬೇಕು. ಕಿಲ್ಡೇರ್ ಕೌಂಟಿಯ ಕ್ಲಾಂಗೋಸ್ ವುಡ್ ಹತ್ತಿರ ಆ ಏರಿಯ ತುಂಡು ಇವತ್ತಿಗೂ ಇದೆ.

ಸಮಯ ಆಗುತ್ತಿದೆ, ಉಳಿದದ್ದು ಬೇಗ. ಯುರೋಪಿನ ಮನೆತನದ ಲಾಂಛನಗಳಲ್ಲಿ ಗಂಡ-ಹೆಂಡತಿಯ ಗುರುತುಗಳನ್ನು ಒಂದೇ ಗುರಾಣಿಯ ಮೇಲೆ ಅಕ್ಕಪಕ್ಕ ಬರೆಯುವುದಕ್ಕೂ ಇಂಪೇಲ್ ಅಂತಲೇ ಹೆಸರು. ಬಿಳಿಚಿಕೊಂಡ ಬಣ್ಣಕ್ಕೆ ಹೇಳುವ 'ಪೇಲ್' ಮಾತ್ರ ಬೇರೆ ಪದ.

ಇನ್ನೊಂದು 'ಪೇಲ್' ರಷ್ಯಾದ್ದು. ರಾಣಿ ಕ್ಯಾಥರೀನ್ 1791ರಲ್ಲಿ ಯಹೂದಿಗಳ ವಾಸಕ್ಕೆ ಗಡಿ ಹಾಕಿದಳು. ಕೆಲವರನ್ನು ಬಿಟ್ಟರೆ ಉಳಿದವರು ಅದರಾಚೆ ನೆಲೆಸುವಂತಿರಲಿಲ್ಲ. ಅದು ಹೋಗಿದ್ದು 1917ರಲ್ಲಿ. ರಷ್ಯನ್ನರು ಅದನ್ನು ಬರೀ 'ಗೆರೆ' ಎಂದು ಕರೆದರು. ಇಂಗ್ಲಿಷಿನವರು ಅದಕ್ಕೆ ಗೂಟದ ಹೆಸರಿಟ್ಟರು. ಅಲ್ಲಿ ಸಿಕ್ಕಿಬಿದ್ದವರ ಬದುಕನ್ನು ನೆನೆದರೆ ಆ ಹೆಸರೇ ಸರಿ ಅನ್ನಿಸುತ್ತದೆ ನನಗೆ.

ಅಗಳಿಗೆ ನಿಮ್ಮ ಕಡೆ ಬೇರೆ ಹೆಸರಿದ್ದರೆ ಕಮೆಂಟಿನಲ್ಲಿ ಬರೆಯಿರಿ.