ಹುಲ್ಲುಗಾವಲು ಹೋದರೆ ಗಿಡ ನೆಟ್ಟರೆ ಸರಿಹೋಗುತ್ತಾ?

[ದೃಶ್ಯ: ಚಳ್ಳಕೆರೆ ತಾಲ್ಲೂಕಿನ ಕಾವಲು. ಮೇಯುವ ಕುರಿಗಳು, ಹಿಂದೆ ಉದ್ದನೆಯ ಕಾಂಪೌಂಡ್]

ನಮಸ್ಕಾರ. ಇದು ಅಮೃತಮಹಲ್ ಕಾವಲು, ಅಂದ್ರೆ ಅಮೃತಮಹಲ್ ತಳಿಯ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲು. ಗೋಡೆಯ ಆಚೆ ಇರೋದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ ಮುಂತಾದವುಗಳಿಗೆ ಕೊಟ್ಟ ಜಮೀನು. ಎಲ್ಲಾ ಸೇರಿ ಸುಮಾರು 10 ಸಾವಿರ ಎಕರೆ. ಈ ಊರುಗಳ ಕುರಿ, ಕಂಬಳಿ, ಬದುಕು ನಿಂತಿದ್ದೇ ಈ ಹುಲ್ಲಿನ ಮೇಲೆ. ಕೃಷ್ಣಮೃಗಕ್ಕೂ ಇದೇ ನೆಲೆ.

ಇಂಥ ಭೂಮಿ ಯೋಜನೆಗೆ ಹೋದಾಗ ಪ್ರಕೃತಿಗಾದ ನಷ್ಟ ತುಂಬಿಕೊಡೋದು ಹೇಗೆ?

[ಗ್ರಾಫಿಕ್: ಭಾರತದ ನಕ್ಷೆ]

ನಮ್ಮಲ್ಲಿ 1980ರ ಅರಣ್ಯ ಕಾಯ್ದೆ ಇದೆ. ಕಾಡು ತಗೊಂಡವರು ಬೇರೆ ಕಡೆ ಕಾಡು ಬೆಳೆಸಲು ಹಣ ಕಟ್ಟಬೇಕು. ಹೋದ ಕಾಡಿನ ಬೆಲೆ ಅಂತಲೂ ಕಟ್ಟಬೇಕು. ಈ ದುಡ್ಡಿಗೆ 2016ರಲ್ಲಿ ಪ್ರತ್ಯೇಕ ಕಾನೂನು ಬಂತು. ನಿಧಿಯ 90% ರಾಜ್ಯಗಳಿಗೆ.

ತಕರಾರು ಇರೋದು ಲೆಕ್ಕದಲ್ಲಿ. ನಮ್ಮ ಲೆಕ್ಕ ಸುತ್ತೋದು ಮರದ ಸುತ್ತಲೇ. ಹುಲ್ಲುಗಾವಲನ್ನು ಸುಮ್ನೆ ಖಾಲಿ ಜಾಗ ಅಂದುಕೊಂಡು ಅಲ್ಲೇ ಗಿಡ ನೆಟ್ಟರೆ? ಬಯಲಲ್ಲಿ ಓಡುವ ಕೃಷ್ಣಮೃಗಕ್ಕೆ ಅದು ಪರಿಹಾರವಲ್ಲ, ಎರಡನೇ ಪೆಟ್ಟು. ದೂರದ ಲೆಕ್ಕವೂ ಇಲ್ಲ. ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ಯೋಜನೆಗೆ ಹೋಗುವ ಮಳೆಕಾಡಿಗೆ ಬದಲಿ ಕಾಡು ಬೆಳೆಸಲು ಆರಿಸಿದ್ದು ಹರಿಯಾಣವನ್ನು!

[ಗ್ರಾಫಿಕ್: ಇಂಗ್ಲೆಂಡಿನ ಹೊಲ, ಬೇಲಿ, ಹುಲ್ಲು]

ಇಂಗ್ಲೆಂಡ್ ನೋಡಿ. 2024ರ ಫೆಬ್ರವರಿಯಿಂದ ಅಲ್ಲಿ ಹೆಚ್ಚಿನ ಕಟ್ಟಡ ಯೋಜನೆಗಳು ಮೊದಲಿದ್ದದ್ದಕ್ಕಿಂತ ಕನಿಷ್ಠ 10% ಜಾಸ್ತಿ ಜೀವನೆಲೆ, ಅಂದ್ರೆ ಗಿಡ-ಪ್ರಾಣಿಗಳು ಬದುಕುವ ಜಾಗ, ತೋರಿಸಬೇಕು. ಅದನ್ನು 30 ವರ್ಷ ಕಾಪಾಡಬೇಕು. ಹುಲ್ಲು, ಪೊದೆ, ಬೇಲಿಸಾಲು, ಎಲ್ಲಕ್ಕೂ ಅಂಕ ಇದೆ. ಎಷ್ಟು ಅಪರೂಪ, ಸ್ಥಿತಿ ಹೇಗಿದೆ ಅಂತ ಅಳೀತಾರೆ. ಬದಲಿ ಜಾಗ ದೂರವಾದಷ್ಟೂ ಅದಕ್ಕೆ ಸಿಗುವ ಅಂಕ ಕಡಿಮೆ. ಹಳೇ ಕಾಡಿನಂಥ ನೆಲೆಗಳನ್ನು ಮಾತ್ರ ಈ ಲೆಕ್ಕದಿಂದಲೇ ಹೊರಗಿಟ್ಟಿದ್ದಾರೆ, ಯಾಕಂದ್ರೆ ಅವಕ್ಕೆ ಬದಲಿ ಇಲ್ಲ. ನನಗೆ ಹಿಡಿಸಿದ್ದು ಇದೇ.

ಜರ್ಮನಿಯಲ್ಲಿ 1976ರಿಂದಲೇ ಕಾನೂನಿದೆ: ಮೊದಲು ಹಾನಿ ತಪ್ಪಿಸಿ, ಆಗದಿದ್ದರೆ ಸರಿಪಡಿಸಿ, ದುಡ್ಡು ಕಟ್ಟೋದು ಕೊನೆಗೆ. ಅಮೆರಿಕದಲ್ಲಿ ಜೌಗು ಭೂಮಿಗೆ ಬ್ಯಾಂಕ್‌ಗಳೇ ಇವೆ. ಒಬ್ಬರು ಜೌಗನ್ನು ಮೊದಲೇ ಸರಿಮಾಡಿ ಕ್ರೆಡಿಟ್ ಗಳಿಸ್ತಾರೆ, ಕಟ್ಟಡ ಕಟ್ಟೋರು ತಾವು ಮಾಡುವ ಹಾನಿಗೆ ಬದಲಾಗಿ ಅದನ್ನು ಕೊಳ್ತಾರೆ. ಅಲ್ಲೂ ಎಡವಟ್ಟುಗಳಿವೆ, ಅದು ಬೇರೆ ಮಾತು.

[ದೃಶ್ಯ: ಮೊಬೈಲ್‌ನಲ್ಲಿ ಪರಿವೇಶ್ ಪೋರ್ಟಲ್]

ಅರಣ್ಯ ಭೂಮಿ ಕೇಳಿದ ಯೋಜನೆಗಳ ಅರ್ಜಿ, ಅನುಮತಿ ಪತ್ರಗಳು ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ಸಿಗುತ್ತವೆ. ಜಗಳೂರಾಗಲಿ, ಹಿರಿಯೂರಾಗಲಿ, ನಿಮ್ಮ ತಾಲ್ಲೂಕಿನ ಯೋಜನೆ ಹುಡುಕಿ. ಬದಲಿ ಗಿಡ ಯಾವ ಊರಲ್ಲಿ ನೆಡುತ್ತಾರೆ ಅಂತ ನೋಡಿ. ಅಲ್ಲಿ ಈಗಾಗಲೇ ಹುಲ್ಲುಗಾವಲು ಇದ್ದರೆ ಕಾಮೆಂಟ್‌ನಲ್ಲಿ ಊರ ಹೆಸರು ಬರೆಯಿರಿ.